ಗ್ರಾಫೈಟಿನ ಹೊಂಬಣ್ಣ ಮತ್ತು ಬ್ಯಾಟರಿಯ ಆಯುಷ್ಯ

ಲ್ಯಾಪ್‌ಟಾಪಿನ ಬ್ಯಾಟರಿ ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜಿಗೆ ಹಾಕಬೇಕು, ಇಲ್ಲವಾದರೆ ಅದು ಬೇಗ ಕೆಡುತ್ತದೆ ಎಂಬ ನಂಬಿಕೆ ವಿದ್ಯಾವಂತರಲ್ಲಿಯೂ ಬೇರೂರಿದೆ. ಕಾಸರಗೋಡು ಜಿಲ್ಲೆಯಲ್ಲಿ ಈ ನಂಬಿಕೆಯಿಂದಾಗುವ ನಷ್ಟ ಇನ್ನೂ ಹೆಚ್ಚು. ಮುಂಗಾರಿಗೆ ಮೊದಲಿನ ಏಪ್ರಿಲ್–ಮೇ ತಿಂಗಳುಗಳಲ್ಲಿಯೂ ತುಲಾವರ್ಷದ ಅಕ್ಟೋಬರ್–ನವೆಂಬರಿನಲ್ಲಿಯೂ ಮಧ್ಯಾಹ್ನ ಕಳೆಯುತ್ತಲೇ ಗುಡುಗು ಸಿಡಿಲು ಕಾಣಿಸಿಕೊಳ್ಳುವ ಈ ನಾಡಿನಲ್ಲಿ, ಮೋಡ ಕವಿದೊಡನೆ ಪ್ಲಗ್ ಕೀಳುವುದು ಮನೆಮನೆಯ ರೂಢಿ. ಸಿಡಿಲಿನಿಂದ ವಿದ್ಯುತ್ ತಂತಿಯಲ್ಲಿ ಉಂಟಾಗುವ ವೋಲ್ಟೇಜಿನ ಹಠಾತ್ ಏರಿಕೆ ಚಾರ್ಜರನ್ನು ಸುಡಬಲ್ಲುದಾದ್ದರಿಂದ ಆ ರೂಢಿ ಸರಿಯಾದದ್ದೇ. ಆದರೆ ಪ್ಲಗ್ ಕಿತ್ತ ಹೊತ್ತಿನಲ್ಲಿ ಬ್ಯಾಟರಿ ಮೊದಲೇ ಖಾಲಿಯಾಗಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ.

ಈ ತಪ್ಪು ತಿಳಿವಳಿಕೆಗೆ ಒಂದು ಕಾಲದಲ್ಲಿ ಆಧಾರವಿತ್ತು. ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ 1899ರಲ್ಲಿ ರೂಪಿಸಿದ ನಿಕಲ್–ಕ್ಯಾಡ್ಮಿಯಂ ಬ್ಯಾಟರಿಯನ್ನು ಪದೇ ಪದೇ ಅರ್ಧಂಬರ್ಧ ಬಳಸಿ ಚಾರ್ಜು ಮಾಡಿದರೆ ಅದರೊಳಗೆ ಕ್ಯಾಡ್ಮಿಯಂ ಹರಳುಗಳು ದೊಡ್ಡದಾಗಿ ವೋಲ್ಟೇಜು ಅಕಾಲದಲ್ಲಿ ಕುಸಿಯುತ್ತಿತ್ತು; ಇದನ್ನೇ ‘ಸ್ಮರಣ ಪರಿಣಾಮ’ ಎಂದು ಕರೆಯಲಾಯಿತು. 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ–ಅಯಾನು ಬ್ಯಾಟರಿಗೆ ಈ ದೋಷವಿಲ್ಲ. ಹಳೆಯ ಬ್ಯಾಟರಿ ಮೂಲೆ ಸೇರಿದರೂ ಅದರ ನಿಯಮ ಮಾತ್ರ ಬಾಯಿಂದ ಬಾಯಿಗೆ ಉಳಿದುಕೊಂಡು ಬಂದಿದೆ.

ಲಿಥಿಯಂ ಬ್ಯಾಟರಿಯ ಒಳಗೆ ನಡೆಯುವುದು ಬಲು ಸೊಗಸಾದ ಕ್ರಿಯೆ. ಅದರ ಋಣ ವಿದ್ಯುದ್ವಾರವು ಪೆನ್ಸಿಲಿನ ಕಡ್ಡಿಯಲ್ಲಿರುವ ಗ್ರಾಫೈಟ್, ಅಂದರೆ ಹಾಳೆಹಾಳೆಯಾಗಿ ಒಂದರ ಮೇಲೊಂದು ಕುಳಿತ ಇಂಗಾಲ. ಚಾರ್ಜು ಆಗುವಾಗ ಲಿಥಿಯಂ ಈ ಹಾಳೆಗಳ ನಡುವೆ ನುಸುಳುತ್ತದೆ. ಆರು ಇಂಗಾಲ ಪರಮಾಣುಗಳಿಗೆ ಒಂದು ಲಿಥಿಯಂ ಪರಮಾಣು ಸೇರಿದಾಗ ಗ್ರಾಫೈಟ್ ತುಂಬಿತೆಂದು ಅರ್ಥ. ಇಷ್ಟರಲ್ಲಿ ಅದು ಸುಮಾರು ಶೇಕಡಾ 10ರಷ್ಟು ಉಬ್ಬುತ್ತದೆ, ಮಾತ್ರವಲ್ಲ, ಅದರ ಬಣ್ಣವೂ ಬದಲಾಗುತ್ತದೆ: ಕಪ್ಪಾಗಿದ್ದದ್ದು ಕಡುನೀಲಿಗೆ, ಬಳಿಕ ಕೆಂಪಿಗೆ, ಕೊನೆಗೆ ಹೊಳೆಯುವ ಹೊಂಬಣ್ಣಕ್ಕೆ ತಿರುಗುತ್ತದೆ. ಪ್ರಯೋಗಾಲಯದಲ್ಲಿ ಗಾಜಿನ ಕಿಂಡಿಯಿರುವ ಕೋಶವನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಈ ವರ್ಣಪರಿವರ್ತನೆಯನ್ನು ಕಣ್ಣಾರೆ ಕಾಣಬಹುದು.

ಆದರೆ ತುಂಬಿದ ಸ್ಥಿತಿಯೇ ಬ್ಯಾಟರಿಗೆ ಆಯಾಸದ ಸ್ಥಿತಿ. ಕೋಶದ ವೋಲ್ಟೇಜು ಸುಮಾರು 4.2ಕ್ಕೆ ಏರಿದಾಗ ಒಳಗಿನ ವಿದ್ಯುದ್ವಿಭಾಜ್ಯ ದ್ರವ, ಅಂದರೆ ಅಯಾನುಗಳು ಸಂಚರಿಸುವ ಮಾಧ್ಯಮ, ನಿಧಾನವಾಗಿ ಒಡೆಯತೊಡಗುತ್ತದೆ. ಗ್ರಾಫೈಟಿನ ಮೇಲೆ ಬೆಳೆಯುವ ತೆಳುಪೊರೆ ಲಿಥಿಯಂ ಅನ್ನು ಶಾಶ್ವತವಾಗಿ ಸೆರೆಹಿಡಿಯುತ್ತದೆ. ಬಿಸಿ ಹೆಚ್ಚಿದಷ್ಟೂ ಈ ಕ್ರಿಯೆಗಳು ಚುರುಕಾಗುವುದರಿಂದ, ಕರಾವಳಿಯ ಸೆಖೆಯಲ್ಲಿ ನೂರಕ್ಕೆ ನೂರು ತುಂಬಿಸಿ ಸದಾ ಪ್ಲಗ್ಗಿನಲ್ಲಿಟ್ಟ ಯಂತ್ರದ ಬ್ಯಾಟರಿ ಬೇಗ ಮುದಿಯಾಗುತ್ತದೆ. ಸೊನ್ನೆಯ ತುದಿಯೂ ಕ್ಷೇಮವಲ್ಲ: ಖಾಲಿಯಾದ ಬ್ಯಾಟರಿಯನ್ನು ಹಾಗೆಯೇ ಬಿಟ್ಟರೆ ತನ್ನಿಂದ ತಾನೇ ಇನ್ನಷ್ಟು ಇಳಿದು, ರಕ್ಷಣಾ ಮಂಡಲ ಅದನ್ನು ಮತ್ತೆ ಚಾರ್ಜು ಮಾಡಲು ಬಿಡದೆ ಇರಬಹುದು. ಅಪರೂಪಕ್ಕೊಮ್ಮೆ ಪೂರ್ತಿ ಇಳಿಸುವುದರಿಂದ ಪರದೆಯ ಮೇಲಿನ ಶೇಕಡಾವಾರು ಅಂದಾಜು ಸರಿಹೋದೀತು, ಬ್ಯಾಟರಿಯ ಬಲವಂತೂ ಹೆಚ್ಚದು.

ಆದ್ದರಿಂದ ಸೆಟ್ಟಿಂಗ್ಸಿನಲ್ಲಿ ಮೊದಲು ಹುಡುಕಬೇಕಾದದ್ದು ಚಾರ್ಜಿನ ಮಿತಿ. ಕೆಲವು ಯಂತ್ರಗಳಲ್ಲಿ ಇದು ಯಂತ್ರ ಆರಂಭವಾಗುವಾಗಲೇ ತೆರೆಯಬಹುದಾದ ಮೂಲ ಸೆಟ್ಟಿಂಗ್ಸಾದ ಬಯಾಸ್‌ನಲ್ಲಿ, ಕೆಲವದರಲ್ಲಿ ತಯಾರಕರ ತಂತ್ರಾಂಶದಲ್ಲಿ, ಗ್ನೋಮ್ 48ರಂಥ ಹೊಸ ಲಿನಕ್ಸ್ ಪರಿಸರಗಳಲ್ಲಿ ‘ಪವರ್’ ಪುಟದಲ್ಲಿಯೇ ದೊರೆಯುತ್ತದೆ. ಮಿತಿಯನ್ನು ಶೇಕಡಾ 80ಕ್ಕೆ ನಿಲ್ಲಿಸಿದರೆ ಸಾಕು. ಪ್ಲಗ್ ಕಿತ್ತಾಗ ‘ಪವರ್ ಸೇವರ್’ ಆರಿಸಿದರೆ ಪ್ರೊಸೆಸರಿನ ವೇಗ ಮತ್ತು ವೋಲ್ಟೇಜು ತಗ್ಗುತ್ತವೆ. ವಿದ್ಯುತ್ ವೆಚ್ಚವು ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿರುವುದರಿಂದ, ವೋಲ್ಟೇಜು ಕಾಲುಭಾಗ ಇಳಿದರೂ ವೆಚ್ಚ ಹೆಚ್ಚುಕಡಿಮೆ ಅರ್ಧಕ್ಕೆ ಸಮೀಪಿಸುತ್ತದೆ. ಪರದೆಯ ಬೆಳಕನ್ನು ತಗ್ಗಿಸುವುದರಿಂದಲೂ ಗಣನೀಯ ಉಳಿತಾಯವುಂಟು. ‘ಸಸ್ಪೆಂಡ್’ ಎಂದರೆ ಸ್ಮೃತಿ ಮಾತ್ರ ಎಚ್ಚರವಿದ್ದು ಉಳಿದದ್ದೆಲ್ಲ ಮಲಗುವ ಸ್ಥಿತಿ. ಆಗಲೂ ಸ್ವಲ್ಪ ಚಾರ್ಜು ವ್ಯಯವಾಗುತ್ತದೆ, ಬ್ಯಾಟರಿ ಬರಿದಾದರೆ ಉಳಿಸದ ಕೆಲಸ ಅಳಿಸಿಹೋಗುತ್ತದೆ.

ಕೇರಳದ ಶಾಲೆಗಳ 45,000 ತರಗತಿಗಳನ್ನು ಹೈಟೆಕ್ ಮಾಡಿದ ಕೈಟ್ ಸಂಸ್ಥೆಯ ಯೋಜನೆಯಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೂ ಲ್ಯಾಪ್‌ಟಾಪು ಪರಿಚಿತ ವಸ್ತುವಾಗಿದೆ. ಏಪ್ರಿಲ್–ಮೇ ತಿಂಗಳ ಬೇಸಿಗೆ ರಜೆಯಲ್ಲಿ ಈ ಯಂತ್ರಗಳು ಕಪಾಟಿನಲ್ಲಿ ಕುಳಿತಿರುತ್ತವೆ. ಅವುಗಳ ಬ್ಯಾಟರಿಗೆ ಅತಿ ಹೆಚ್ಚು ಹಾನಿಯಾಗುವ ಸಾಧ್ಯತೆಯಿರುವುದೂ ಆಗಲೇ. ಕಪಾಟಿಗೆ ಸೇರಿಸುವ ಮೊದಲು ಪ್ರತಿಯೊಂದನ್ನೂ ಅರ್ಧ ಚಾರ್ಜು ಮಾಡಿ, ಸಸ್ಪೆಂಡ್ ಮಾಡದೆ ಪೂರ್ತಿ ಆಫ್ ಮಾಡಿ, ಬಿಸಿಲು ತಾಗದ ತಂಪು ಜಾಗದಲ್ಲಿ ಇಡುವಂತೆ ಶಾಲೆಗಳ ಕಂಪ್ಯೂಟರ್ ಹೊಣೆ ಹೊತ್ತ ಅಧ್ಯಾಪಕರು ನೋಡಿಕೊಳ್ಳಬೇಕು.