ಬಂದ ರೊಕ್ಕವೆಲ್ಲ ಆದಾಯವಲ್ಲ

ಧಾರವಾಡದ ಸಪ್ತಾಪುರದಲ್ಲಿ ಓಣಿ ಹೊಕ್ಕರೆ ಕಣ್ಣಿಗೆ ಬೀಳುವುದು ತರಬೇತಿ ಕೇಂದ್ರಗಳ ಫಲಕಗಳು: ಕೆಎಎಸ್, ಪಿಎಸ್‌ಐ, ಎಫ್‌ಡಿಎ, ಶಿಕ್ಷಕರ ನೇಮಕಾತಿ. ಅವುಗಳ ಸುತ್ತ ಪಿ.ಜಿ.ಗಳು, ಓದುವ ಕೊಠಡಿಗಳು, ಖಾನಾವಳಿಗಳು. ಉದ್ರಿ ಕೊಡುವ ಖಾನಾವಳಿ ಮೊದಲು ಉಣ್ಣಿಸಿ ಆಮೇಲೆ ರೊಕ್ಕ ಕೇಳುತ್ತದೆ. ತರಬೇತಿ ಕೇಂದ್ರ ಮೊದಲು ರೊಕ್ಕ ತೆಗೆದುಕೊಂಡು ಆಮೇಲೆ ಕಲಿಸುತ್ತದೆ. ಎರಡರಲ್ಲೂ ಗಲ್ಲಾಪೆಟ್ಟಿಗೆಯನ್ನಷ್ಟೇ ನೋಡಿ ವ್ಯಾಪಾರ ಹೇಗಿದೆ ಎಂದು ಹೇಳಲು ಬರುವುದಿಲ್ಲ. ಲೆಕ್ಕಶಾಸ್ತ್ರ ಮೂರು ಬೇರೆ ಬೇರೆ ಪಟ್ಟಿಗಳನ್ನು ಕೇಳುವುದು ಈ ಕಾರಣಕ್ಕೆ.

ಒಂದು ಕಾಲ್ಪನಿಕ ಕೇಂದ್ರ ಇಟ್ಟುಕೊಳ್ಳೋಣ. ಮಾಲೀಕ ಕೈಯಿಂದ 5 ಲಕ್ಷ ಹಾಕಿ ಜನವರಿ 1ಕ್ಕೆ ಹತ್ತು ತಿಂಗಳ ಕೋರ್ಸ್ ಶುರು ಮಾಡುತ್ತಾನೆ. ನೂರು ವಿದ್ಯಾರ್ಥಿಗಳು, ತಲೆಗೆ 30,000 ರೂಪಾಯಿ, ಪೂರ್ತಿ ಮುಂಗಡ. ಒಟ್ಟು 30 ಲಕ್ಷ. (ಜಿಎಸ್‌ಟಿಯನ್ನು ಇಲ್ಲಿ ಸೇರಿಸಿಲ್ಲ, ಶುಲ್ಕದ ಮೇಲಿನ ಆ ಶೇ 18 ಮೊದಲಿನಿಂದಲೂ ಸರ್ಕಾರದ ಹಣ.) ಕಟ್ಟಡಕ್ಕೆ 5 ಲಕ್ಷ ಡಿಪಾಜಿಟ್, ಬೆಂಚು-ಪ್ರೊಜೆಕ್ಟರ್‌ಗೆ 6 ಲಕ್ಷ. ಬಾಡಿಗೆ, ಶಿಕ್ಷಕರ ಸಂಬಳ ಸೇರಿ ತಿಂಗಳಿಗೆ 3.2 ಲಕ್ಷ ಖರ್ಚು. ಮಾರ್ಚ್ 31ಕ್ಕೆ ಬ್ಯಾಂಕಿನಲ್ಲಿ 14.4 ಲಕ್ಷ ಉಳಿದಿರುತ್ತದೆ. ಹಾಕಿದ್ದು ಐದು, ಉಳಿದದ್ದು ಹದಿನಾಲ್ಕು ಚಿಲ್ಲರೆ. ಮೂರೇ ತಿಂಗಳಲ್ಲಿ ಇಷ್ಟು ಗಳಿಸಿದೆ ಎಂದು ಮಾಲೀಕನಿಗೆ ಅನ್ನಿಸಿದರೆ ಆಶ್ಚರ್ಯವಿಲ್ಲ.

ಲಾಭ-ನಷ್ಟ ಪಟ್ಟಿ ಹೇಳುವ ಮಾತೇ ಬೇರೆ. ಹತ್ತು ತಿಂಗಳಲ್ಲಿ ಕಲಿಸಿದ್ದು ಮೂರೇ ತಿಂಗಳು, ಹಾಗಾಗಿ ಆದಾಯವೆಂದು ಬರೆಯಬಹುದಾದದ್ದು 9 ಲಕ್ಷ ಮಾತ್ರ. ಖರ್ಚು 9.6 ಲಕ್ಷ. ಬೆಂಚು, ಪ್ರೊಜೆಕ್ಟರ್ ಐದು ವರ್ಷ ಬಾಳುತ್ತವೆಂದು ಹಿಡಿದರೆ ಮೂರು ತಿಂಗಳ ಸವಕಳಿ 30,000. ಸವಕಳಿಗಾಗಿ ಯಾರ ಕೈಗೂ ರೊಕ್ಕ ಹೋಗುವುದಿಲ್ಲ. ಆದರೂ ಸಾಮಾನು ಸವೆಯುತ್ತಿರುವುದು ನಿಜವಾದ್ದರಿಂದ ಅದನ್ನು ಖರ್ಚಾಗಿಯೇ ಬರೆಯಬೇಕು. ಫಲಿತಾಂಶ: 90,000 ನಷ್ಟ.

ಹಾಗಾದರೆ ಬ್ಯಾಂಕಿನಲ್ಲಿರುವ ರೊಕ್ಕ ಯಾರದು? ಅದಕ್ಕೆ ಉತ್ತರ ಅಢಾವೆ ಪತ್ರಿಕೆಯಲ್ಲಿದೆ, ಅಂದರೆ ಬ್ಯಾಲೆನ್ಸ್ ಶೀಟಿನಲ್ಲಿ. ಒಂದು ಬದಿಗೆ ಆಸ್ತಿ: ನಗದು 14.4 ಲಕ್ಷ, ಡಿಪಾಜಿಟ್ 5 ಲಕ್ಷ, ಸವಕಳಿ ಕಳೆದ ಸಾಮಾನು 5.7 ಲಕ್ಷ. ಒಟ್ಟು 25.1 ಲಕ್ಷ. ಇನ್ನೊಂದು ಬದಿಗೆ ಮಾಲೀಕನ ಬಂಡವಾಳ, ನಷ್ಟ ಕಳೆದು 4.1 ಲಕ್ಷ. ಉಳಿದ 21 ಲಕ್ಷ ಇನ್ನೂ ಕಲಿಸದ ಏಳು ತಿಂಗಳ ಪಾಠ. ಬ್ಯಾಂಕ್ ಸಾಲ ಹೇಗೋ ಹಾಗೆಯೇ ಇದೂ ಸಾಲ. ಸಾಲ ಕೊಟ್ಟವರು ನೂರು ವಿದ್ಯಾರ್ಥಿಗಳು. ಎರಡೂ ಬದಿ ಸರಿಹೊಂದುವುದರಲ್ಲಿ ಮಂತ್ರವೇನಿಲ್ಲ. ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಪದ್ಧತಿ ಇದು. 1494ರಲ್ಲಿ ವೆನಿಸ್‌ನಲ್ಲಿ ಲೂಕಾ ಪಾಚೋಲಿ ಅದನ್ನು ಮುದ್ರಿತ ಪುಸ್ತಕದಲ್ಲಿ ವಿವರಿಸಿದ. ಶುಲ್ಕ ಬಂದ ದಿನವೇ ನಗದು 30 ಲಕ್ಷ ಏರಿತು, ಋಣವೂ 30 ಲಕ್ಷ ಏರಿತು.

ಮೂರನೆಯದು ನಗದು ಹರಿವಿನ ಪಟ್ಟಿ. ದಿನನಿತ್ಯದ ವ್ಯವಹಾರದಿಂದ, ಡಿಪಾಜಿಟ್ಟನ್ನೂ ಕಳೆದು, 15.4 ಲಕ್ಷ ಬಂತು, ಸಾಮಾನಿಗೆ 6 ಲಕ್ಷ ಹೋಯಿತು, ಮಾಲೀಕನಿಂದ 5 ಲಕ್ಷ ಬಂತು. ಚೆನ್ನಾಗಿಯೇ ಕಾಣುತ್ತದೆ. ಆದರೆ ಮುಂದಿನ ಏಳು ತಿಂಗಳಿಗೆ ಬೇಕಾದದ್ದು 22.4 ಲಕ್ಷ, ಇರುವುದು 14.4 ಲಕ್ಷ. ಕೊರತೆ 8 ಲಕ್ಷ. ಅದನ್ನು ತುಂಬಿಕೊಡುವುದು ಮುಂದಿನ ಬ್ಯಾಚಿನ ಶುಲ್ಕ. ಈ ಬ್ಯಾಚಿನ ಮೇಷ್ಟರ ಸಂಬಳವನ್ನು ಆ ಬ್ಯಾಚಿನ ಹುಡುಗರು ಕೊಡುತ್ತಾರೆ, ಅವರಿಗೆ ಅದು ಗೊತ್ತೇ ಇರುವುದಿಲ್ಲ.

ಮುಂದಿನ ಬ್ಯಾಚ್ ತುಂಬುವುದು ನೇಮಕಾತಿ ಅಧಿಸೂಚನೆ ಬಂದರೆ. 2024ರ ಅಕ್ಟೋಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದಿತು. ಇಂಥ ನಿರ್ಧಾರದ ಹಿಂದೆ ನ್ಯಾಯದ ಪ್ರಶ್ನೆ ಇರಬಹುದು, ಇದೆ ಕೂಡ. ಆದರೆ ಮುಂಗಡದ ಮೇಲೆ ನಿಂತ ವ್ಯಾಪಾರದಲ್ಲಿ ಒಂದು ಬ್ಯಾಚ್ ತಪ್ಪಿದರೆ ಹಳೆಯ ಋಣ ತಟ್ಟನೆ ಎದುರಿಗೆ ಬಂದು ನಿಲ್ಲುತ್ತದೆ.

ಇದೇ ಕಥೆ ಸಾವಿರಾರು ಕೋಟಿಯ ಅಳತೆಯಲ್ಲಿ ಬೆಂಗಳೂರಿನಲ್ಲಿ ನಡೆಯಿತು. ಆನ್‌ಲೈನ್ ಪಾಠದ ಕಂಪನಿ ಬೈಜೂಸ್ ತನ್ನ 2020–21ರ ಲೆಕ್ಕವನ್ನು ಹೊರಹಾಕಿದ್ದು 2022ರ ಸೆಪ್ಟೆಂಬರ್‌ನಲ್ಲಿ. ನಷ್ಟ 4,588 ಕೋಟಿ ರೂಪಾಯಿ. ಲೆಕ್ಕಪರಿಶೋಧಕರಾದ ಡೆಲಾಯ್ಟ್ ಜೊತೆಗಿನ ಚರ್ಚೆಯ ಮುಖ್ಯ ವಿಷಯ ಆದಾಯವನ್ನು ಯಾವಾಗ ಬರೆಯಬೇಕು ಎಂಬುದೇ ಆಗಿತ್ತು. ಹಲವು ತಿಂಗಳ ಕೋರ್ಸಿನ ಶುಲ್ಕವನ್ನು ಆ ತಿಂಗಳುಗಳಿಗೆ ಹಂಚಿ ಬರೆದಾಗ ಆದಾಯದ ದೊಡ್ಡ ಪಾಲು ಮುಂದಿನ ವರ್ಷಗಳಿಗೆ ಸರಿಯಿತು. 2023ರ ಜೂನ್‌ನಲ್ಲಿ ಡೆಲಾಯ್ಟ್ ಹೊರನಡೆಯಿತು. 2024ರ ಜುಲೈನಲ್ಲಿ ಕಂಪನಿಯ ವಿರುದ್ಧ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಬೀಳಲು ಬೇರೆ ಕಾರಣಗಳೂ ಇದ್ದವು, ಸಾಲವೂ ಸೇರಿ. ಆದರೆ ನನ್ನ ದೃಷ್ಟಿಯಲ್ಲಿ ಮೊದಲ ಎಚ್ಚರಿಕೆ ನಷ್ಟದ ಅಂಕಿಗಿಂತಲೂ ಹಿಂದಿನದು: ಲೆಕ್ಕ ಸಮಯಕ್ಕೆ ಬಾರದೇ ಹೋದದ್ದು.

ಕಂಪನಿಯಾಗಿ ನೋಂದಾಯಿತವಾದ ಯಾವ ಸಂಸ್ಥೆಯೇ ಆಗಲಿ, ಅದು ಸಲ್ಲಿಸಿದ ಲೆಕ್ಕಪತ್ರಗಳನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ 100 ರೂಪಾಯಿ ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಸಣ್ಣ ಕಂಪನಿಗಳಿಗೆ ನಗದು ಹರಿವಿನ ಪಟ್ಟಿಯಿಂದ ವಿನಾಯಿತಿ ಇದೆ, ಆದರೆ ಉಳಿದೆರಡು ಸಿಗುತ್ತವೆ. ಮೊದಲು ಲಾಭದ ಸಾಲಿಗೆ ಹೋಗಬೇಡಿ. ಮುಂಗಡವಾಗಿ ಬಂದ ಹಣ ಎಷ್ಟು, ಅದಕ್ಕೆದುರಾಗಿ ಕೈಯಲ್ಲಿರುವ ನಗದು ಎಷ್ಟು, ಇವೆರಡನ್ನು ಹುಡುಕಿ. ಆಮೇಲೆ ಕೊನೆಯಲ್ಲಿರುವ ಟಿಪ್ಪಣಿಗಳು. ಮಾಲೀಕರ ಇತರ ಸಂಸ್ಥೆಗಳಿಗೆ ಹೋದ ಹಣ ಅಲ್ಲಿ ಕಾಣುತ್ತದೆ.

ಒಬ್ಬರೇ ಮಾಲೀಕರಿರುವ ಅಥವಾ ಪಾಲುದಾರಿಕೆಯ ಕೇಂದ್ರಗಳ ಲೆಕ್ಕ ಹೀಗೆ ಸಿಗುವುದಿಲ್ಲ. ಅಂಥಲ್ಲಿ ಪೂರ್ತಿ ಮುಂಗಡ ಕಟ್ಟುವ ಬದಲು ಕಂತಿನಲ್ಲಿ ಕಟ್ಟುತ್ತೇನೆ ಎಂದು ಕೇಳುವುದು ವಿದ್ಯಾರ್ಥಿಗೆ ಉಳಿದ ದಾರಿ. ಬೆಳೆ ಮಾರಿ ಶುಲ್ಕ ಕಳಿಸುವ ಮನೆಗಳಿಗೆ ಇದು ಸಣ್ಣ ಮಾತಲ್ಲ. ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ರಾಜ್ಯಗಳಿಗೆ ಕಳಿಸಿದ ಮಾರ್ಗಸೂಚಿಯ ಪ್ರಕಾರ, ಪೂರ್ತಿ ಶುಲ್ಕ ಕಟ್ಟಿ ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನದೊಳಗೆ ಮರಳಿಸಬೇಕು. ನಮ್ಮ ಕಾಲ್ಪನಿಕ ಕೇಂದ್ರದಲ್ಲಿ ಮಾರ್ಚ್ 31ಕ್ಕೆ ಬಿಟ್ಟ ವಿದ್ಯಾರ್ಥಿಗೆ ಅದು 21,000 ರೂಪಾಯಿ. ಅಢಾವೆ ಪತ್ರಿಕೆಯ ಆ 21 ಲಕ್ಷದಲ್ಲಿ ಅವನ ಪಾಲು ಅಷ್ಟೇ.