ಗುಡ್ಡೆ ಕೊಳ್ಳುವ ಮುಂಚೆ ಕುಮ್ಕಿ ಎಷ್ಟು ಅಂತ ನೋಡಿ

ನಮ್ಮ ತೋಟದ ಮೇಲಿನ ಗುಡ್ಡೆ ಮಾರಾಟಕ್ಕೆ ಬಂದಿದೆ. ಮಂಗಳೂರು ಸಿಟಿಯಿಂದ ನೀರುಮಾರ್ಗದ ಕಡೆಗೆ ಬೈಕಿನಲ್ಲಿ ಅರ್ಧ ಗಂಟೆ. ಹೆಬ್ಬಲಸು, ಕಾಟುಮಾವು, ಪುನರ್ಪುಳಿ, ಎರಡು ದೊಡ್ಡ ಬೋಗಿ ಮರ, ನೆತ್ತಿಯಲ್ಲಿ ಅಕೇಶಿಯಾ. "3 ಎಕ್ರೆ ಕಾಡು, ಸೆಂಟ್ಸಿಗೆ 15 ಸಾವಿರ" ಅಂದರು ಬ್ರೋಕರ್. ಅಂದರೆ 45 ಲಕ್ಷ. ಫ್ರೆಂಡ್ಸ್ ಗ್ರೂಪಿನಲ್ಲಿ ಫೋಟೊ ಹಾಕಿದೆ. "ತಗೋ ಮಾರಾಯ, ಇನ್ನು ಸಿಗ್ಲಿಕ್ಕಿಲ್ಲ" ಅಂದವರೇ ಜಾಸ್ತಿ.

ನನಗೆ ಕಾಡಿನ ಕನಸೇನೂ ಇರಲಿಲ್ಲ. ಇದ್ದದ್ದು ಹೆದರಿಕೆ. ಕೆಳಗಿರುವ ನಮ್ಮ ಒಂದೂವರೆ ಎಕ್ರೆ ಅಡಿಕೆಗೆ ಏಪ್ರಿಲ್‌ವರೆಗೆ ನೀರು ಬರುವುದು ಆ ಗುಡ್ಡೆಯ ಒರತೆಯಿಂದ. ಅದು ಕೆಂಪುಕಲ್ಲಿನ ಕೋರೆಯವರ ಕೈಗೋ ಸೈಟ್ ಮಾಡುವವರ ಕೈಗೋ ಹೋದರೆ ಜೆಸಿಬಿ ಬರುತ್ತದೆ, ನೆತ್ತಿ ಸಪಾಟಾಗುತ್ತದೆ, ಮಳೆನೀರು ಇಂಗುವ ಬದಲು ಕೆಸರಾಗಿ ನಮ್ಮ ತೋಟಕ್ಕೆ ಇಳಿಯುತ್ತದೆ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಹಾಗಾಗಿ ಗುಡ್ಡೆ ಕೇಳುವವರು ನಾವು ಮಾತ್ರ ಅಲ್ಲ.

ಮೊಬೈಲ್ ಹಿಡಿದು ಹತ್ತಿದಾಗ

ಒಂದು ಭಾನುವಾರ ದಿಶಾಂಕ್ ಆ್ಯಪ್ ತೆರೆದು ಗುಡ್ಡೆ ಹತ್ತಿದೆ. ನೀವು ನಿಂತ ಜಾಗದ ಸರ್ವೆ ನಂಬರ್ ಅದರಲ್ಲಿ ಕಾಣುತ್ತದೆ. ಅರ್ಧ ಹತ್ತುವಾಗಲೇ ನಂಬರ್ ಬದಲಾಯಿತು. ಎರಡೂ ನಂಬರಿನ ಪಹಣಿ ಭೂಮಿ ವೆಬ್‌ಸೈಟಿನಲ್ಲಿ ತೆಗೆದೆ. ಮಾರುವವರ ಹೆಸರಿನಲ್ಲಿದ್ದದ್ದು 1 ಎಕ್ರೆ 18 ಸೆಂಟ್ಸ್. ಮೇಲಿನದ್ದಕ್ಕೆ ಮಾಲೀಕರ ಕಾಲಂನಲ್ಲಿ "ಸರ್ಕಾರ". ಬ್ರೋಕರಿಗೆ ಫೋನ್ ಮಾಡಿದರೆ, "ಅದು ಕುಮ್ಕಿ ಅಲ್ವಾ, ನಮ್ದೇ ಲೆಕ್ಕ!"

ಈ "ನಮ್ದೇ ಲೆಕ್ಕ" ಅನ್ನುವ ಮಾತಿನಲ್ಲೇ ಎಡವುವುದು. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಬಂದ ವ್ಯವಸ್ಥೆ ಇದು. ಹಳೆಯ ವರ್ಗ ಜಾಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ತರಗೆಲೆ, ಕಟ್ಟಿಗೆ ತರಲು, ದನ ಮೇಯಿಸಲು ಆ ವರ್ಗದಾರನಿಗೆ ಸವಲತ್ತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಂ ಅದನ್ನು ಉಳಿಸಿಕೊಂಡಿದೆ. ಆದರೆ ಅದು ಸವಲತ್ತು ಮಾತ್ರ, ಮಾಲೀಕತ್ವ ಅಲ್ಲ. ಅಜ್ಜನ ಕಾಲದಿಂದ ಬೇಲಿ ಹಾಕಿ ಅನುಭವಿಸಿದ್ದರೂ ಕ್ರಯಪತ್ರದಲ್ಲಿ ಕುಮ್ಕಿಯನ್ನು ಮಾರಲು ಬರುವುದಿಲ್ಲ. ಲೆಕ್ಕ ಹಾಕಿ: 118 ಸೆಂಟ್ಸಿಗೆ 17 ಲಕ್ಷ 70 ಸಾವಿರ. ಉಳಿದ 27 ಲಕ್ಷ 30 ಸಾವಿರ ನಾನು ಕೊಡಲು ಹೊರಟಿದ್ದು ಸರ್ಕಾರದ ಜಾಗಕ್ಕೆ, ಅದೂ ಸರ್ಕಾರಕ್ಕಲ್ಲ!

ದಿಶಾಂಕ್ ತೋರಿಸುವ ಗಡಿ ಕೆಲವು ಮೀಟರ್ ಆಚೀಚೆ ಇರುತ್ತದೆ. ಅನುಮಾನ ಹುಟ್ಟಿಸಲು ಅದು ಸಾಕು, ಅಡ್ವಾನ್ಸ್ ಕೊಡಲು ಸಾಲದು. ಸರ್ವೆಯರ್ ಬಂದು ಅಳೆದು ಕಲ್ಲು ಹಾಕಿದ ಮೇಲೆಯೇ ದುಡ್ಡಿನ ಮಾತು. ಒಂದು ಸರ್ವೆ ನಂಬರಿನ ತುಂಡು ಮಾತ್ರ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು.

ಮರ ನಿಮ್ಮದು, ಕತ್ತಿ ಮಾತ್ರ ಸುಮ್ಮನೆ ಇಡುವಂತಿಲ್ಲ

"ಬೋಗಿ ಮರ ಕೊಟ್ಟರೆ ಅರ್ಧ ದುಡ್ಡು ವಾಪಸ್" ಅಂತ ಒಬ್ಬರು ಪುಕ್ಕಟೆ ಸಲಹೆ ಕೊಟ್ಟರು. ಪಟ್ಟಾ ಜಾಗದ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಒಪ್ಪಿಗೆ ಬೇಕು. ತೆಂಗು, ಅಡಿಕೆ, ರಬ್ಬರ್, ನೀಲಗಿರಿ, ಗಾಳಿಮರದಂಥ ಕೆಲವಕ್ಕೆ ಮಾತ್ರ ವಿನಾಯಿತಿ. ಕುಮ್ಕಿಯ ಮರ ಮಾರಿ ದುಡ್ಡು ಮಾಡುವ ಯೋಚನೆಯನ್ನಂತೂ ಬಿಟ್ಟುಬಿಡಿ.

ಇನ್ನೊಂದು ತೊಡಕು ಡೀಮ್ಡ್ ಫಾರೆಸ್ಟ್. 1996ರ ಡಿಸೆಂಬರ್ 12ರಂದು ಗೋದವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲೀಕರು ಯಾರೇ ಇರಲಿ, ಕಾಡಿನಂತಿದ್ದರೆ ಅದು ಕಾಡೇ ಅಂದಿತು. ಆಮೇಲೆ ರಾಜ್ಯದಲ್ಲಿ 9.94 ಲಕ್ಷ ಹೆಕ್ಟೇರ್ ಪಟ್ಟಿಯಾಯಿತು. 2022ರಲ್ಲಿ ಅದನ್ನು 3.3 ಲಕ್ಷ ಹೆಕ್ಟೇರಿಗೆ ಇಳಿಸಿದರು. ನಿಮ್ಮ ಸರ್ವೆ ನಂಬರ್ ಆ ಪಟ್ಟಿಯಲ್ಲಿದೆಯೋ ಅಂತ ವಲಯ ಅರಣ್ಯ ಕಚೇರಿಯಲ್ಲಿ ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ತೆಗೆದುಕೊಳ್ಳಿ. ಬಾಯಿಮಾತು ಬೇಡ.

ಉಳಿದ ಕಾಗದಗಳ ಬಗ್ಗೆ ಒಳ್ಳೆ ವಕೀಲರು ಹೇಳುತ್ತಾರೆ, ಉದ್ದ ಮಾಡುವುದಿಲ್ಲ. ಕಾವೇರಿಯಲ್ಲಿ ಇಸಿ ತೆಗೆಯಿರಿ. ಅಳಿಯಕಟ್ಟು ಕುಟುಂಬದ ಜಾಗವಾದರೆ ಮುಂಬೈ, ದುಬೈಯಲ್ಲಿರುವ ಪಾಲುದಾರರ ಸಹಿಯೂ ಬೇಕಾದೀತು. ಅಕ್ರಮ-ಸಕ್ರಮದಲ್ಲಿ ಸಿಕ್ಕಿದ್ದಾದರೆ ಇಂತಿಷ್ಟು ವರ್ಷ ಮಾರಬಾರದೆಂಬ ಷರತ್ತು ಇರುತ್ತದೆ. ಡಿ.ಸಿ. ಮನ್ನಾ ಜಾಗವಾದರೆ ಆಸೆಯನ್ನೇ ಬಿಡಿ. ಮತ್ತೆ, ಯಾವ ಕಾಗದದಲ್ಲೂ ಕಾಣದ ಒಂದು ವಿಷಯ: ಗುಡ್ಡೆಯಲ್ಲಿ ನಾಗಬನವೋ ದೈವದ ಕಟ್ಟೆಯೋ ಇದ್ದರೆ ಅಲ್ಲಿಗೆ ನಾಲ್ಕು ಮನೆಯವರ ದಾರಿ ಇದ್ದೇ ಇರುತ್ತದೆ. ಅದನ್ನು ಮುಚ್ಚುವ ಯೋಚನೆ ಇದ್ದರೆ ಕೊಳ್ಳಲೇ ಬೇಡಿ.

ಇಷ್ಟೆಲ್ಲ ಆದ ಮೇಲೂ ಗುಡ್ಡೆಯಿಂದ ಬರುವುದೇನು? ಪುನರ್ಪುಳಿ ಸ್ವಲ್ಪ, ಜೇನು ಸ್ವಲ್ಪ, ತೋಟಕ್ಕೆ ಸೊಪ್ಪು. ಬ್ಯಾಂಕಿನ ಕಂತು ಕಟ್ಟುವಷ್ಟು ಖಂಡಿತ ಬರುವುದಿಲ್ಲ. ಮೇಲಾಗಿ ಪ್ರತಿ ಫೆಬ್ರವರಿಯಲ್ಲಿ ಒಣಹುಲ್ಲು ಕೆರೆದು ಬೆಂಕಿಗೆರೆ ಮಾಡಬೇಕು. ಆಳಿನ ಸಂಬಳ ನಿಮಗೇ ಗೊತ್ತು.

ಬರುವುದು ನೀರು. ಕಾಸರಗೋಡು ಜಿಲ್ಲೆಯ ಪುಲಿಯಂಕುಳಂನಲ್ಲಿ ಅಬ್ದುಲ್ ಕರೀಂ 1977ರಲ್ಲಿ 5 ಎಕ್ರೆ ಬೋಳು ಮುರಕಲ್ಲಿನ ಪಾರೆ ಕೊಂಡಾಗ ಜನ ನಕ್ಕಿದ್ದರಂತೆ. ದೂರದಿಂದ ಕ್ಯಾನಿನಲ್ಲಿ ನೀರು ತಂದು ಗಿಡಕ್ಕೆ ಹಾಕಿದರು. ಮೊದಲು ನೆಟ್ಟವು ಹೆಚ್ಚಿನವು ಸತ್ತವು. ಬಿಡಲಿಲ್ಲ. ಅದು 32 ಎಕ್ರೆ ಕಾಡಾಯಿತು, ಬತ್ತಿದ್ದ ಬಾವಿಯಲ್ಲಿ ನೀರು ನಿಂತಿತು, ಸುತ್ತಲಿನವರ ಬಾವಿಗೂ ಬಂತು. ನಮ್ಮದೂ ಅದೇ ಮುರಕಲ್ಲು, ಅದೇ ಮಳೆ. ನಮ್ಮ ಗುಡ್ಡೆಯಲ್ಲಿ ಮರ ಈಗಾಗಲೇ ಇದೆ. ಕಡಿಯದಿದ್ದರೆ ಸಾಕು.

ಹಾಗಾಗಿ ನಾನು ಅಡಿಕೆ ತೋಟದ ಲೆಕ್ಕದಲ್ಲೇ ಯೋಚಿಸಿದೆ. ಒರತೆ ನಿಂತರೆ ಕೊಳವೆಬಾವಿ, ಪಂಪು, ಅದೂ ನೀರು ಸಿಕ್ಕಿದರೆ! ಅದಕ್ಕೆ ಹೋಲಿಸಿದರೆ 118 ಸೆಂಟ್ಸಿಗೆ ದುಡ್ಡು ಹಾಕುವುದು ಹುಚ್ಚಲ್ಲ ಅನಿಸಿತು. ಆದರೆ ಒಬ್ಬನ ಕೈಯಲ್ಲಿ ಆಗುವ ಮಾತಲ್ಲ. ಅದೇ ಒರತೆಯ ನೀರು ಬಿಡುವ ಪಕ್ಕದ ಇಬ್ಬರನ್ನು ಕೇಳಿದೆ. ಒಬ್ಬರು ಮೂರನೇ ಒಂದು ಪಾಲು ಹಾಕಲು ಒಪ್ಪಿದ್ದಾರೆ. ಇನ್ನೊಬ್ಬರು "ಮಗನ ಹತ್ರ ಕೇಳಿ ಹೇಳ್ತೇನೆ" ಅಂದಿದ್ದಾರೆ. ಮಗ ಕತಾರಿನಲ್ಲಿ.

ಬ್ರೋಕರಿಗೆ ಹೇಳಿದ್ದೇನೆ: ರೇಟು ಪಟ್ಟಾ ಸೆಂಟ್ಸಿಗೆ ಮಾತ್ರ, ಅಳತೆ ಆದ ಮೇಲೆ. ಎರಡು ದಿನ ಫೋನ್ ತೆಗೆಯಲಿಲ್ಲ. ಮೂರನೇ ದಿನ ಅವರೇ ಮಾಡಿದರು. ಬುಧವಾರ ಸರ್ವೆಯರ್ ಬರುತ್ತಾರೆ.