ಇನ್ನೊಂದು ಮಾತ್ರೆ ಸೇರಿಸುವ ಮುನ್ನ

ಪ್ರಾಜೋಸಿನ್ ಬಿಪಿ ಇಳಿಸುವ ಹಳೆಯ ಮಾತ್ರೆ. ಅಮೆರಿಕದ ಸಿಯಾಟಲ್‌ನಲ್ಲಿ ಮಾಜಿ ಸೈನಿಕರ ಆಸ್ಪತ್ರೆಯ ಮನೋವೈದ್ಯ ಮರ್ರೇ ರಾಸ್ಕಿಂಡ್ ಮತ್ತು ಸಂಗಡಿಗರು ಇದನ್ನು ವಿಯೆಟ್ನಾಂ ಯುದ್ಧದಿಂದ ಮರಳಿದವರಿಗೆ ಕೊಟ್ಟದ್ದು ಬಿಪಿಗಲ್ಲ, ಕೆಟ್ಟ ಕನಸುಗಳಿಗೆ. ಯುದ್ಧ ಮುಗಿದು ದಶಕಗಳೇ ಕಳೆದರೂ ಆ ಸೈನಿಕರನ್ನು ಯುದ್ಧದ ರಾತ್ರಿಗಳು ಬಿಟ್ಟಿರಲಿಲ್ಲ. 2003ರಲ್ಲಿ ಪ್ರಕಟವಾದ, 10 ಮಂದಿಯ ಪುಟ್ಟ ಅಧ್ಯಯನದಲ್ಲಿ ಕನಸಿನ ಕಾಟ ಗಮನಾರ್ಹವಾಗಿ ಇಳಿದಿತ್ತು.

ಯುದ್ಧ, ಅತ್ಯಾಚಾರ, ಅಪಘಾತ, ಪ್ರವಾಹದಂಥ ಆಘಾತದ ಬಳಿಕ ಕೆಲವರ ಮನಸ್ಸು ಆ ಗಳಿಗೆಯಲ್ಲೇ ಸಿಕ್ಕಿಬೀಳುತ್ತದೆ. ಸಣ್ಣ ಸದ್ದಿಗೂ ಬೆಚ್ಚುವುದು, ಘಟನೆ ಕಣ್ಣೆದುರೇ ನಡೆದಂತಾಗುವುದು, ಆ ಜಾಗದತ್ತ ಸುಳಿಯದಿರುವುದು ಇದರ ಲಕ್ಷಣಗಳು. 1980ರಲ್ಲಿ ಅಮೆರಿಕದ ಮನೋವೈದ್ಯರು ಇದನ್ನು ಪಿಟಿಎಸ್‌ಡಿ ಎಂದು ತಮ್ಮ ರೋಗಪಟ್ಟಿಗೆ ಸೇರಿಸಿದರು. ಇದಕ್ಕೆಂದೇ ಅಲ್ಲಿ ಮೊದಲು ಒಪ್ಪಿಗೆ ಪಡೆದ ಮಾತ್ರೆಗಳು ಎರಡು: 1999ರಲ್ಲಿ ಸರ್ಟ್ರಲೀನ್, 2001ರಲ್ಲಿ ಪ್ಯಾರಾಕ್ಸೆಟೀನ್. ಎಲ್ಲರಿಗೂ ಇವು ನಾಟುವುದಿಲ್ಲ. ಆಗ ವೈದ್ಯರು ಯೋಚಿಸುವ ದಾರಿಗಳಲ್ಲೊಂದು, ಇದ್ದ ಮಾತ್ರೆಯ ಜೊತೆಗೆ ಇನ್ನೊಂದನ್ನು ಸೇರಿಸುವುದು.

ಈ ದಾರಿಯ ಅತಿ ಮುಖ್ಯ ಪರೀಕ್ಷೆಯ ಫಲಿತಾಂಶ ಬಂದದ್ದು 2011ರಲ್ಲಿ. ಸರ್ಟ್ರಲೀನ್‌ನಂಥ ಖಿನ್ನತೆಯ ಮಾತ್ರೆಗಳಿಂದ ಗುಣ ಕಾಣದ ಮಾಜಿ ಸೈನಿಕರಿಗೆ 23 ಕೇಂದ್ರಗಳಲ್ಲಿ ಆರು ತಿಂಗಳ ಕಾಲ ಜೊತೆಗೆ ರಿಸ್ಪೆರಿಡೋನ್ ಎಂಬ ಮನೋರೋಗದ ಮಾತ್ರೆ ಅಥವಾ ಔಷಧವಿಲ್ಲದ ಹುಸಿಮಾತ್ರೆ ಕೊಡಲಾಯಿತು. ಪಿಟಿಎಸ್‌ಡಿ ಲಕ್ಷಣಗಳ ಮಟ್ಟಿಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ತೂಕ ಏರಿಕೆ, ಸುಸ್ತು, ಮಂಪರು ರಿಸ್ಪೆರಿಡೋನ್ ತೆಗೆದುಕೊಂಡವರಲ್ಲೇ ಹೆಚ್ಚು.

ಪ್ರಾಜೋಸಿನ್ ಕಥೆ ಇನ್ನೂ ತೊಡಕಿನದು. ಅಪಾಯದ ಹೊತ್ತಲ್ಲಿ ಮೈಯನ್ನು ಎಚ್ಚರಗೊಳಿಸುವ ನಾರ್‌ಅಡ್ರಿನಲಿನ್ ರಾತ್ರಿಯೂ ತಣಿಯದೆ ನಿದ್ದೆ ಕೆಡಿಸುತ್ತದೆ, ಈ ಮಾತ್ರೆ ಅದರ ಪ್ರಭಾವವನ್ನು ತಡೆಯುತ್ತದೆ ಎಂಬುದು ತರ್ಕ. 2013ರಲ್ಲಿ 67 ಸೈನಿಕರ ಮೇಲಿನ ಪ್ರಯೋಗವೂ ಭರವಸೆ ಮೂಡಿಸಿತು. ಆದರೆ 2018ರಲ್ಲಿ 304 ಮಾಜಿ ಸೈನಿಕರ ದೊಡ್ಡ ಪ್ರಯೋಗದಲ್ಲಿ ಅದು ಹುಸಿಮಾತ್ರೆಯನ್ನು ಮೀರಿಸಲಿಲ್ಲ. ತೀವ್ರ ಸಂಕಟದಲ್ಲಿದ್ದವರು ಅದರಲ್ಲಿ ಸೇರದಿದ್ದುದೇ ಕಾರಣವಿರಬಹುದು ಎಂಬ ಚರ್ಚೆ ಈಗಲೂ ಇದೆ. ಕೆಟ್ಟ ಕನಸು ಕಾಡುವ ಕೆಲವರಿಗೆ ವೈದ್ಯರು ಇದನ್ನು ಇಂದಿಗೂ ಬರೆಯುತ್ತಾರೆ. ಮೊದಲ ಡೋಸ್‌ಗೇ ಬಿಪಿ ಕುಸಿದು, ಹಾಸಿಗೆಯಿಂದ ಎದ್ದವರು ತಲೆಸುತ್ತಿ ಬೀಳಬಹುದು. ಹಾಗಾಗಿ ಮಲಗುವ ಹೊತ್ತಿಗೆ 1 ಮಿಲಿಗ್ರಾಂನಿಂದ ಶುರುಮಾಡಿ, ಬಿಪಿ ನೋಡುತ್ತ ನಿಧಾನವಾಗಿ ಏರಿಸುತ್ತಾರೆ.

ಮದ್ದಿಗೆ ಬಗ್ಗದ ಕಾಯಿಲೆಯೇ?

ಇಷ್ಟೆಲ್ಲ ಪ್ರಯೋಗಗಳು ಕಲಿಸಿದ ಪಾಠ ಸ್ಪಷ್ಟ: ಹೊಸ ಮಾತ್ರೆ ಸೇರಿಸುವ ಮುನ್ನ ಹಳೆಯ ಚಿಕಿತ್ಸೆ ಪೂರ್ತಿ ಸಿಕ್ಕಿದೆಯೇ ಎಂದು ನೋಡಬೇಕು. ಮಾತ್ರೆ ಸರಿಯಾದ ಡೋಸ್‌ನಲ್ಲಿ, ಸಾಕಷ್ಟು ವಾರ ತೆಗೆದುಕೊಂಡಿದ್ದಾರೆಯೇ? ಕುಡಿತ, ಖಿನ್ನತೆ ಜೊತೆಗಿವೆಯೇ? ಎಲ್ಲಕ್ಕಿಂತ ಮಿಗಿಲಾಗಿ, ಆಘಾತದ ನೆನಪನ್ನು ತಜ್ಞರ ಜೊತೆ ಹಂತಹಂತವಾಗಿ ಎದುರಿಸುವ ಮನೋಚಿಕಿತ್ಸೆ ದೊರೆತಿದೆಯೇ? ಅಮೆರಿಕದ ಮಾಜಿ ಸೈನಿಕರ ಇಲಾಖೆಯ 2023ರ ಮಾರ್ಗಸೂಚಿ ಔಷಧಕ್ಕಿಂತ ಮೊದಲ ಸ್ಥಾನ ಕೊಡುವುದು ಇಂಥ ಮನೋಚಿಕಿತ್ಸೆಗೇ. ಆತಂಕ ಇಳಿಸಲು ಕೊಡುವ ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್‌ನಂಥ ಮಾತ್ರೆಗಳು ಪಿಟಿಎಸ್‌ಡಿಗೆ ಬೇಡ ಎಂದೂ ಅದು ಹೇಳುತ್ತದೆ. ಈಗಾಗಲೇ ಅವನ್ನು ತೆಗೆದುಕೊಳ್ಳುತ್ತಿರುವವರು ಮಾತ್ರ ತಟ್ಟನೆ ನಿಲ್ಲಿಸಬಾರದು. ವೈದ್ಯರ ಸಲಹೆಯಂತೆ ನಿಧಾನವಾಗಿ ಇಳಿಸಬೇಕು.

ಮನೋಚಿಕಿತ್ಸೆಯೇ ಸಿಗದ ವ್ಯಕ್ತಿಗೆ ‘ನಿಮ್ಮದು ಮದ್ದಿಗೆ ಬಗ್ಗದ ಕಾಯಿಲೆ’ ಎಂದು ಹೇಳುವುದು ಅನ್ಯಾಯ. ಆ ಮಾತಿಗೆ ಅವರು ಬದುಕಿನ ಆಸೆಯನ್ನೇ ಬಿಟ್ಟುಬಿಡಬಹುದು. ಮನೆಯಲ್ಲಿ ಯಾರಾದರೂ ಹೀಗೆ ನರಳುತ್ತಿದ್ದರೆ ‘ಮರೆತುಬಿಡು’ ಎನ್ನಬೇಡಿ. ಮನೋವೈದ್ಯರ ಬಳಿ ಕರೆದೊಯ್ಯಿರಿ, ಮಾತ್ರೆಯ ಜೊತೆಗೆ ಮನೋಚಿಕಿತ್ಸೆಯನ್ನೂ ಕೇಳಿ ಪಡೆಯಿರಿ. ಎಲ್ಲಿಂದ ಶುರುಮಾಡಬೇಕೆಂದು ತೋಚದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ ಸೇವೆ, ಹಗಲು ರಾತ್ರಿ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.